ನಿಮ್ಮ ಕಲಾಕೃತಿ ಯಾವ ವಿಭಾಗಕ್ಕೆ? ವಿದ್ಯಾರ್ಥಿ ಕಲಾ ಸ್ಪರ್ಧೆಯ ಅರ್ಜಿ ತುಂಬುವ ಮುನ್ನ

“ಜಲವರ್ಣದ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಇದು ವರ್ಣಚಿತ್ರವೋ, ಮಿಶ್ರ ಮಾಧ್ಯಮವೋ?” “ಟ್ಯಾಬ್ಲೆಟ್‌ನಲ್ಲಿ ಬಿಡಿಸಿ ಪ್ರಿಂಟ್ ತೆಗೆಸಿದ್ದೇನೆ, ಮುದ್ರಣಕಲೆ ಅಂತ ಹಾಕಬಹುದಾ?” “ತರಗತಿ ನೋಡಿದರೆ ಮಗ ಕಿರಿಯರ ಗುಂಪು, ವಯಸ್ಸು ನೋಡಿದರೆ ಹಿರಿಯರದ್ದು. ಯಾವುದಕ್ಕೆ ಸೇರಿಸಲಿ?” ಸ್ಪರ್ಧೆಗಳ ಪ್ರಕಟಣೆ ಹೊರಬೀಳುವ ದಿನಗಳಲ್ಲಿ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇವೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಅರ್ಜಿಯಲ್ಲಿ ಇದು ಒಂದು ಟಿಕ್ ಗುರುತಿನಷ್ಟು ಕೆಲಸ. ತಪ್ಪಿದರೆ ಮಾತ್ರ ತಿಂಗಳುಗಟ್ಟಲೆ ಕೂತು ಮಾಡಿದ್ದು ಕೈಬಿಟ್ಟು ಹೋಗಬಹುದು. ಅದೃಷ್ಟವಿದ್ದರೆ ಸಂಘಟಕರೇ ಕೃತಿಯನ್ನು ಸರಿಯಾದ ವಿಭಾಗಕ್ಕೆ ಸರಿಸುತ್ತಾರೆ. ಇಲ್ಲದಿದ್ದರೆ ನೀವು ಟಿಕ್ ಮಾಡಿದ ವಿಭಾಗದ ಅಳತೆಗೋಲಿನಲ್ಲೇ ಅಳೆದು ಕಡಿಮೆ ಅಂಕ ಕೊಡುತ್ತಾರೆ. ಅಥವಾ ತೀರ್ಪುಗಾರರ ಕಣ್ಣಿಗೆ ಬೀಳುವ ಮೊದಲೇ ಅದು ಪಕ್ಕಕ್ಕೆ ಹೋಗುತ್ತದೆ. ಕೊನೆಯದು ಹೆಚ್ಚು ನೋವಿನದು, ಯಾಕೆಂದರೆ ಎಷ್ಟೋ ಸಲ ಕಾರಣವನ್ನು ಯಾರೂ ತಿಳಿಸುವುದಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ. ಹೆಚ್ಚಿನ ಸ್ಪರ್ಧೆಗಳಲ್ಲಿ ವಿಭಾಗವನ್ನು ಗೊತ್ತುಮಾಡುವುದು ಕೃತಿ ಯಾವುದರಿಂದ, ಹೇಗೆ ಆಯಿತು ಎಂಬ ಸಂಗತಿ. ಅದರಲ್ಲಿ ಏನು ಕಾಣುತ್ತದೆ ಎಂಬುದರ ಸರದಿ ಆಮೇಲೆ. ಪೆನ್ಸಿಲ್‌ನಲ್ಲಿ ಬಿಡಿಸಿದ ಮುಖ ಫೋಟೋದಂತೆಯೇ ಕಂಡರೂ ರೇಖಾಚಿತ್ರವೇ. ಕಟ್ಟಡವನ್ನು ಬಿಡಿಸಿದ ಮಾತ್ರಕ್ಕೆ ಅದು ವಾಸ್ತುಶಿಲ್ಪ ವಿಭಾಗಕ್ಕೆ ಹೋಗುವುದಿಲ್ಲ.

ಕೂರುವ ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಸ್ಪರ್ಧೆಯ ಪೂರ್ತಿ ನಿಯಮಾವಳಿ (ಪೋಸ್ಟರ್ ಸಾಲದು), ವಿದ್ಯಾರ್ಥಿಯ ಜನ್ಮದಿನಾಂಕದ ದಾಖಲೆ, ಅಳತೆಪಟ್ಟಿ, ಚಿತ್ರಕ್ಕೆ ಆಧಾರವಾಗಿ ಬಳಸಿದ ಫೋಟೋಗಳು, ಕೆಲಸ ನಡೆಯುತ್ತಿದ್ದಾಗ ತೆಗೆದ ಚಿತ್ರಗಳಿದ್ದರೆ ಅವು ಕೂಡ.

ಹಂತ 1: ತಲೆಬರಹ ಬಿಡಿ, ಅದರ ಕೆಳಗಿನ ವಿವರಣೆ ಓದಿ

ವಿಭಾಗದ ಹೆಸರು ನೋಡಿ ಅರ್ಥವಾಯಿತು ಅಂದುಕೊಳ್ಳುವುದು ಮೊದಲ ತಪ್ಪು. ಒಂದೇ ಹೆಸರಿಗೆ ಒಂದೊಂದು ಸ್ಪರ್ಧೆಯಲ್ಲಿ ಒಂದೊಂದು ಅರ್ಥವಿರುತ್ತದೆ. ಒಂದು ಕಡೆ “ಚಿತ್ರಕಲೆ” ಎಂದರೆ ಕುಂಚದ ಕೆಲಸ ಮಾತ್ರ, ಇನ್ನೊಂದು ಕಡೆ ಕಾಗದದ ಮೇಲೆ ಕೈಯಿಂದ ಮಾಡಿದ ಎಲ್ಲವೂ. ಇದು ಇವತ್ತಿನ ಗೊಂದಲವೂ ಅಲ್ಲ. 1912ರಿಂದ 1948ರವರೆಗೆ ಒಲಿಂಪಿಕ್ಸ್‌ನಲ್ಲಿ ಕಲೆಗೂ ಪದಕಗಳಿದ್ದವು. 1928ರ ಆಮ್‌ಸ್ಟರ್‌ಡ್ಯಾಮ್ ಕೂಟದಲ್ಲಿ ಚಿತ್ರಕಲೆಯನ್ನು ಮೂರಾಗಿ ಒಡೆದಾಗ ಜಲವರ್ಣವನ್ನು ವರ್ಣಚಿತ್ರದ ಜೊತೆ ಇಡದೆ ರೇಖಾಚಿತ್ರದ ಜೊತೆಗೆ ಸೇರಿಸಿದ್ದರು. ಇವತ್ತಿನ ಬಹಳಷ್ಟು ವಿದ್ಯಾರ್ಥಿ ಸ್ಪರ್ಧೆಗಳಲ್ಲಿ ಅದೇ ಜಲವರ್ಣ ವರ್ಣಚಿತ್ರದ ಕೆಳಗೆ ಬರುತ್ತದೆ. ಸರಿ ತಪ್ಪು ಎಂಬುದಿಲ್ಲ. ಆ ಸ್ಪರ್ಧೆಯ ನಿಯಮ ಏನು ಹೇಳುತ್ತದೋ ಅದೇ ಅಲ್ಲಿನ ಸತ್ಯ.

ವಿವರಣೆ ಓದುವಾಗ ಮೂರು ಬಗೆಯ ಸಾಲುಗಳ ಕೆಳಗೆ ಗೆರೆ ಹಾಕಿ. “ಒಳಗೊಂಡಿದೆ” ಎನ್ನುವ ಪಟ್ಟಿ, “ಹೊರತುಪಡಿಸಿ” ಎನ್ನುವ ಪಟ್ಟಿ, ಮತ್ತು ತೀರ್ಪಿನ ಮಾನದಂಡ. ಮಕ್ಕಳೂ ಪೋಷಕರೂ ಮೊದಲನೆಯದನ್ನು ಓದಿ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಎರಡನೆಯದನ್ನೇ ಮೊದಲು ಓದಬೇಕು. ನಿಮ್ಮ ಕೃತಿ ಅಲ್ಲಿ ಸಿಕ್ಕಿಬಿದ್ದರೆ ಉಳಿದದ್ದನ್ನು ಓದುವ ಶ್ರಮ ಉಳಿಯುತ್ತದೆ.

ಒಂದು ಪದದ ಬಗ್ಗೆ ವಿಶೇಷ ಎಚ್ಚರ ಬೇಕು, ಅದು “ಗ್ರಾಫಿಕ್”. ಕಲಾಶಾಲೆಯವರ ಬಾಯಲ್ಲಿ ಗ್ರಾಫಿಕ್ ಎಂದರೆ ಮರದಚ್ಚು, ಎಚಿಂಗ್ (ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದ ಅಚ್ಚು), ಕಲ್ಲಚ್ಚಿನಂಥ ಮುದ್ರಣಕಲೆ. ಹೊರಗಿನವರ ಬಾಯಲ್ಲಿ ಅದೇ ಪದಕ್ಕೆ ಕಂಪ್ಯೂಟರಿನ ವಿನ್ಯಾಸ ಎಂಬ ಅರ್ಥ. ಕಂಪ್ಯೂಟರಿನಲ್ಲಿ ಮಾಡಿದ ಪೋಸ್ಟರನ್ನು “ಗ್ರಾಫಿಕ್ಸ್” ವಿಭಾಗಕ್ಕೆ ಕಳಿಸಿ, ಲಿನೋ (ಲಿನೋಲಿಯಮ್ ಎಂಬ ಮೆತ್ತನೆಯ ಹಾಳೆ) ಕೊರೆದು ಅಚ್ಚು ಹಾಕಿದವರ ನಡುವೆ ಅದು ಒಂಟಿಯಾಗಿ ನಿಂತದ್ದನ್ನು ನಾನೇ ಕಂಡಿದ್ದೇನೆ.

ಹಂತ 2: ವಯಸ್ಸಿನ ಗುಂಪನ್ನು ಮೊದಲು ಇತ್ಯರ್ಥ ಮಾಡಿ

ಇದು ಸಣ್ಣ ಕೆಲಸ, ಬೇಗ ಮುಗಿಸಿಬಿಡಿ. ಗುಂಪನ್ನು ತರಗತಿಯಿಂದ ಲೆಕ್ಕ ಹಾಕುತ್ತಾರೋ ವಯಸ್ಸಿನಿಂದಲೋ ನೋಡಿ. ವಯಸ್ಸಿನಿಂದಾದರೆ ಯಾವ ದಿನಕ್ಕೆ ತುಂಬಿದ ವಯಸ್ಸು ಎಂಬುದು ಮುಖ್ಯ. ಅರ್ಜಿ ಹಾಕುವ ದಿನವೋ, ಕೊನೆಯ ದಿನವೋ, ವರ್ಷದ ಯಾವುದೋ ನಿಗದಿತ ದಿನವೋ? ಈ ನಡುವೆ ಹುಟ್ಟುಹಬ್ಬ ಬಂದರೆ ಗುಂಪು ಬದಲಾಗುತ್ತದೆ. ಕೃತಿ ಮಾಡಿದಾಗ ಎಷ್ಟು ವಯಸ್ಸಾಗಿತ್ತು ಎಂಬುದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ಕೃತಿಗಳಿಗೆ ಕಾಲಮಿತಿ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ, ಎಷ್ಟೋ ಸ್ಪರ್ಧೆಗಳು ಇತ್ತೀಚೆಗೆ ಮಾಡಿದ್ದನ್ನಷ್ಟೇ ಒಪ್ಪುತ್ತವೆ.

ಕೆಲವು ಸ್ಪರ್ಧೆಗಳಲ್ಲಿ ಕಿರಿಯರಿಗೆ ವಿಭಾಗಗಳೇ ಇರುವುದಿಲ್ಲ, ಎಲ್ಲವೂ ಒಂದೇ ಬುಟ್ಟಿ. ಹಾಗಿದ್ದರೆ ಹಂತ 3 ಮುಗಿಸಿ ನೇರ ಹಂತ 6ಕ್ಕೆ ಹೋಗಿ.

ಹಂತ 3: ಕೃತಿಯ ಪಂಚನಾಮೆ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಕೃತಿಯಲ್ಲಿ ಬಳಸಿದ ಪ್ರತಿಯೊಂದು ಸಾಮಗ್ರಿಯನ್ನೂ ಬಳಸಿದ ಕ್ರಮದಲ್ಲೇ ಬರೆಯಿರಿ. ಕೆಳಗೆ ಏನಿದೆ (ಕಾಗದ, ಕ್ಯಾನ್ವಾಸ್, ಹಲಗೆ, ಬಟ್ಟೆ), ಅದರ ಮೇಲೆ ಏನು ಬಂತು, ಕೊನೆಗೆ ಏನು ಬಂತು. ಆಮೇಲೆ ಪ್ರತಿಯೊಂದರ ಮುಂದೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದೊಂದನ್ನು ತೆಗೆದುಬಿಟ್ಟರೆ ಕೃತಿ ಉಳಿಯುತ್ತದೆಯೇ?

ಜಲವರ್ಣದ ನಿಸರ್ಗಚಿತ್ರದಲ್ಲಿ ನೀರಿನ ಹೊಳಪಿಗೆಂದು ಬಿಳಿ ಪೋಸ್ಟರ್ ಕಲರಿನ ನಾಲ್ಕು ಚುಕ್ಕೆ ಇಟ್ಟಿದ್ದೀರಿ. ಚುಕ್ಕೆ ತೆಗೆದರೂ ಚಿತ್ರ ನಿಲ್ಲುತ್ತದೆ, ಹಾಗಾಗಿ ಅದು ಜಲವರ್ಣವೇ. ಬಣ್ಣ ಹಾಕುವ ಮೊದಲು ಎಳೆದ ಪೆನ್ಸಿಲ್ ಗೆರೆ ಕೆಳಗೆ ಮುಚ್ಚಿಹೋಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಆದರೆ ಪೆನ್ನಿನ ಗೆರೆಗಳೇ ಆಕಾರವನ್ನು ಹಿಡಿದು ನಿಲ್ಲಿಸಿ, ಬಣ್ಣ ಅವುಗಳ ನಡುವೆ ತೆಳುವಾಗಿ ತುಂಬಿಕೊಂಡಿದ್ದರೆ? ಗೆರೆ ತೆಗೆದರೆ ಉಳಿಯುವುದು ಬಣ್ಣದ ಕಲೆಗಳಷ್ಟೇ. ಅಂಥದ್ದನ್ನು ನಾನು ರೇಖಾಚಿತ್ರದ ಕಡೆಗೆ ತೂಗುತ್ತೇನೆ. ಎರಡರಲ್ಲಿ ಯಾವುದನ್ನು ತೆಗೆದರೂ ಕೃತಿ ಕುಸಿಯುವುದಾದರೆ ಅದು ನಿಜವಾದ ಮಿಶ್ರ ಮಾಧ್ಯಮ.

ಈ ಪಂಚನಾಮೆಯಲ್ಲಿ ಇನ್ನೆರಡು ಸಾಲು ಸೇರಿಸಿ: ಯಾವ ಆಧಾರ ಚಿತ್ರ ನೋಡಿ ಮಾಡಿದ್ದು, ಯಾರ ಸಹಾಯ ಎಷ್ಟು. ಶಿಕ್ಷಕರು ಬಾಯಿಮಾತಿನಲ್ಲಿ ತಿದ್ದಿದರೆ ತೊಂದರೆಯಿಲ್ಲ. ಕುಂಚ ಹಿಡಿದು ತಿದ್ದಿದ್ದರೆ ಆ ಕೃತಿಯನ್ನು ಕಳಿಸಲೇಬೇಡಿ. ಇಬ್ಬರು ಸೇರಿ ಮಾಡಿದ್ದಾದರೆ ಗುಂಪು ಕೃತಿಗೆ ಬೇರೆ ವಿಭಾಗ ಇದೆಯೇ ನೋಡಿ.

ಹಂತ 4: ಗಡಿಯಲ್ಲಿ ನಿಂತ ಕೃತಿಗಳನ್ನು ಬಿಡಿಸಿಕೊಳ್ಳಿ

ಕ್ಯಾನ್ವಾಸ್ ಮೇಲಿನ ತೈಲವರ್ಣ, ಕಾಗದದ ಮೇಲಿನ ಪೆನ್ಸಿಲ್, ಮಣ್ಣಿನಲ್ಲಿ ಮಾಡಿದ ಮೂರ್ತಿ, ಇಂಥವಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗಡಿ ಮೇಲಿನವುಗಳೇ ಕಾಡುವುದು. ಹೆಚ್ಚು ಕೇಳಿಬರುವವನ್ನು ಒಂದೊಂದಾಗಿ ನೋಡೋಣ.

ರೇಖಾಚಿತ್ರ, ವರ್ಣಚಿತ್ರ. ಒಣ ಸಾಮಗ್ರಿಯಿಂದಲೋ ಪೆನ್ನಿನಿಂದಲೋ ಗೀಚುವುದು ರೇಖಾಚಿತ್ರ, ಒದ್ದೆ ಬಣ್ಣವನ್ನು ಕುಂಚದಿಂದ ಹಚ್ಚುವುದು ವರ್ಣಚಿತ್ರ ಎಂಬ ಸ್ಥೂಲ ಲೆಕ್ಕ ಬಹುತೇಕ ಕೆಲಸ ಮಾಡುತ್ತದೆ. ಪೆನ್ಸಿಲ್, ಇದ್ದಿಲು, ಬಣ್ಣದ ಪೆನ್ಸಿಲ್, ಪೆನ್ನು, ಮಾರ್ಕರ್ ಮೊದಲನೆಯದಕ್ಕೆ. ಜಲವರ್ಣ, ತೈಲವರ್ಣ, ಅಕ್ರಿಲಿಕ್, ಪೋಸ್ಟರ್ ಕಲರ್ ಎರಡನೆಯದಕ್ಕೆ. ಬಣ್ಣ ಇದ್ದರೆ ವರ್ಣಚಿತ್ರ, ಕಪ್ಪು ಬಿಳುಪಾದರೆ ರೇಖಾಚಿತ್ರ ಎಂದುಕೊಳ್ಳುವವರು ಬಹಳ, ಅದು ತಪ್ಪು. ಬಣ್ಣದ ಪೆನ್ಸಿಲಿನ ಚಿತ್ರ ಎಷ್ಟೇ ಬಣ್ಣಬಣ್ಣವಾಗಿದ್ದರೂ ಸಾಮಾನ್ಯವಾಗಿ ರೇಖಾಚಿತ್ರದಲ್ಲಿ ಕೂರುತ್ತದೆ. ಕಪ್ಪು ಶಾಯಿಗೆ ನೀರು ಬೆರೆಸಿ ಕುಂಚದಲ್ಲಿ ಹರಡಿದ ಚಿತ್ರವನ್ನು ವರ್ಣಚಿತ್ರ ಎನ್ನುವ ನಿಯಮಗಳೂ ಇವೆ. ಪೇಸ್ಟಲ್ ಮಾತ್ರ ಎರಡೂ ದಡಕ್ಕೆ ಸೇರದ ದೋಣಿ. ಕಡ್ಡಿಯಂತೆ ಹಿಡಿದು ಗೀಚುವ ಸಾಮಗ್ರಿ ಅದು, ಆದರೆ ಬಣ್ಣದ ಪದರ ಕಟ್ಟುವುದು ವರ್ಣಚಿತ್ರದ ಹಾಗೆ. ನಿಯಮದಲ್ಲಿ ಅದರ ಹೆಸರಿಲ್ಲದಿದ್ದರೆ ಊಹೆ ಮಾಡಬೇಡಿ, ಬರೆದು ಕೇಳಿ. ನೀರು ತಾಗಿದರೆ ಕರಗುವ ಬಣ್ಣದ ಪೆನ್ಸಿಲ್‌ಗೂ ಇದೇ ಮಾತು.

ಮಿಶ್ರ ಮಾಧ್ಯಮ, ಕೊಲಾಜ್. ಎಲ್ಲಿಗೂ ಸೇರದ್ದನ್ನು ತುಂಬುವ ಮೂಟೆ ಎಂದು ಮಿಶ್ರ ಮಾಧ್ಯಮವನ್ನು ಬಳಸಬೇಡಿ. ಅಲ್ಲಿ ತೀರ್ಪುಗಾರರು ನೋಡುವುದೇ ಸಾಮಗ್ರಿಗಳು ಒಂದಕ್ಕೊಂದು ಏನು ಮಾಡುತ್ತಿವೆ ಎಂಬುದನ್ನು. ಜಲವರ್ಣಕ್ಕೆ ಅಕ್ಕಪಕ್ಕದಲ್ಲಿ ಒಂದು ಚೂರು ಚಿನ್ನದ ಬಣ್ಣ ಬಳಿದು ಅಲ್ಲಿಗೆ ಕಳಿಸಿದರೆ ಬಟ್ಟೆ, ದಾರ, ಮರಳು, ಹಳೆಯ ಪತ್ರಿಕೆ ಎಲ್ಲವನ್ನೂ ಬೆಸೆದವರ ಎದುರು ಅದು ಬಡವಾಗಿ ಕಾಣುತ್ತದೆ. ಕೊಲಾಜ್ ಎಂದರೆ ಕತ್ತರಿಸಿದ್ದನ್ನು ಅಂಟಿಸಿ ಕಟ್ಟಿದ ಚಿತ್ರ. ಪಿಕಾಸೊ 1912ರಲ್ಲಿ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯ ತುಂಡೊಂದನ್ನು ತನ್ನ ಸ್ಥಿರವಸ್ತು ಚಿತ್ರಕ್ಕೆ ಅಂಟಿಸಿದಾಗಿನಿಂದ ಇದು ಗಂಭೀರ ಕಲೆಯ ಸಾಲಿಗೆ ಬಂದಿತು. ಕೊಲಾಜಿಗೆ ಪ್ರತ್ಯೇಕ ವಿಭಾಗವಿಲ್ಲದ ಕಡೆ ಅದು ಮಿಶ್ರ ಮಾಧ್ಯಮದಲ್ಲೇ ಕೂರುತ್ತದೆ. ಇಲ್ಲಿನ ಹಳ್ಳ ಎಂದರೆ ಕೃತಿಸ್ವಾಮ್ಯ, ಅಂದರೆ ಚಿತ್ರದ ಮೇಲೆ ಅದನ್ನು ಮಾಡಿದವರಿಗೆ ಇರುವ ಹಕ್ಕು. ಪತ್ರಿಕೆಯಿಂದ ಕತ್ತರಿಸಿದ ಇಡೀ ಫೋಟೋವನ್ನು ಹಾಗೆಯೇ ನಡುವೆ ಅಂಟಿಸಿದರೆ ಅದು ಬೇರೆಯವರ ಕೆಲಸ. ಚೂರುಚೂರು ಮಾಡಿ ಬಣ್ಣವಾಗಿಯೋ ವಿನ್ಯಾಸವಾಗಿಯೋ ಬಳಸಿ, ಅಥವಾ ನೀವೇ ತೆಗೆದ ಫೋಟೋ, ನೀವೇ ಬಣ್ಣ ಬಳಿದ ಕಾಗದ ಬಳಸಿ.

ಮುದ್ರಣಕಲೆ. ಕಂಪ್ಯೂಟರಿನ ಪ್ರಿಂಟರಿನಿಂದ ಹೊರಬಂದ ಹಾಳೆ ಮುದ್ರಣಕಲೆ ಆಗುವುದಿಲ್ಲ. ಇಲ್ಲಿ ಅಚ್ಚು ಎಂಬುದೊಂದು ಇರಬೇಕು. ಮರವೋ ಲಿನೋಲಿಯಮ್ಮೋ ಲೋಹದ ತಗಡೋ ಕಲ್ಲೋ ಜಾಲರಿಯೋ, ಅದನ್ನು ನೀವು ಕೈಯಾರೆ ಸಿದ್ಧಮಾಡಿ, ಶಾಯಿ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆಯಬೇಕು. ನುಣುಪಾದ ಗಾಜಿನ ಮೇಲೋ ತಗಡಿನ ಮೇಲೋ ಶಾಯಿಯಲ್ಲಿ ಚಿತ್ರ ಬಿಡಿಸಿ ಕಾಗದ ಒತ್ತಿ ತೆಗೆಯುವ ಮಾನೋಟೈಪ್‌ನಲ್ಲಿ ಚೆನ್ನಾಗಿ ಮೂಡುವುದು ಒಂದೇ ಪ್ರತಿ, ಆದರೂ ಅದು ಇದೇ ಕುಟುಂಬದ್ದು. ಕೆಳಗಡೆ 3/20 ಎಂದು ಬರೆದಿದ್ದರೆ ಇಪ್ಪತ್ತು ಪ್ರತಿಗಳಲ್ಲಿ ಇದು ಮೂರನೆಯದು ಎಂದರ್ಥ. ಅಂಗಡಿಯಲ್ಲಿ ಇಪ್ಪತ್ತು ಪ್ರಿಂಟ್ ತೆಗೆಸಿ ಹಾಗೆ ಬರೆದುಕೊಂಡರೆ ಬಲ್ಲವರು ನಗುತ್ತಾರೆ. ಅಚ್ಚು ಹಾಕಿದ ಮೇಲೆ ಕೈಯಿಂದ ಧಾರಾಳವಾಗಿ ಬಣ್ಣ ತುಂಬಿದ್ದರೆ ಮತ್ತೆ ಹಂತ 3ರ ಪ್ರಶ್ನೆ ಕೇಳಿಕೊಳ್ಳಿ.

ಎರಡು ಆಯಾಮ, ಮೂರು ಆಯಾಮ. ಗೋಡೆಗೆ ನೇತುಹಾಕುವ ಉಬ್ಬುಶಿಲ್ಪ ಯಾವುದಕ್ಕೆ ಸೇರಬೇಕು? ಅಕ್ರಿಲಿಕ್ ದಪ್ಪಗೆ ಮೆತ್ತಿದ ಕ್ಯಾನ್ವಾಸ್ ಎರಡು ಆಯಾಮದ್ದೇ. ಆದರೆ ಹಲಗೆಯಿಂದ ಗೇಣುದ್ದ ಹೊರಚಾಚಿದ ರೂಪಗಳಿದ್ದರೆ ಶಿಲ್ಪದ ಕಡೆ ವಾಲುತ್ತದೆ. ನಿಯಮದಲ್ಲಿ ಗರಿಷ್ಠ ದಪ್ಪ ಎಷ್ಟೆಂದು ಇರುತ್ತದೆ, ಅದೇ ನಿಮ್ಮ ಗಡಿಗೆರೆ. ಅಮೆರಿಕದಲ್ಲಿ ಶಾಲಾ ವಿದ್ಯಾರ್ಥಿಗಳಿಗಾಗಿ 1982ರಿಂದ ನಡೆಯುತ್ತಿರುವ ಕಾಂಗ್ರೆಷನಲ್ ಆರ್ಟ್ ಕಾಂಪಿಟಿಷನ್ ಎರಡು ಆಯಾಮದ ಕೃತಿಗಳಿಗೆ ಮಾತ್ರ. ಅಲ್ಲಿನ ಮಿತಿ 26 ಇಂಚು ಎತ್ತರ, 26 ಇಂಚು ಅಗಲ, 4 ಇಂಚು ದಪ್ಪ, ಅದೂ ಚೌಕಟ್ಟು ಸೇರಿ. ಬೇರೆ ಸ್ಪರ್ಧೆಗಳ ಅಂಕಿಗಳು ಬೇರೆ, ಆದರೆ ಚೌಕಟ್ಟು ಸೇರಿಯೋ ಸೇರದೆಯೋ ಎಂಬ ಪ್ರಶ್ನೆ ಎಲ್ಲ ಕಡೆಯದ್ದೂ.

ಶಿಲ್ಪದಲ್ಲಿ ಬಟ್ಟೆ, ಕೂದಲು, ಲೋಹ ಸೇರಿದರೆ ಮಿಶ್ರ ಮಾಧ್ಯಮ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಫ್ರೆಂಚ್ ಕಲಾವಿದ ದೆಗಾ 1881ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಕ್ಕಿಟ್ಟ ಹದಿನಾಲ್ಕರ ನೃತ್ಯಗಾತಿಯ ಮೇಣದ ಮೂರ್ತಿಗೆ ನಿಜವಾದ ಬಟ್ಟೆಯ ಲಂಗವಿತ್ತು, ಕೂದಲಿತ್ತು. ಅದನ್ನು ಇಂದಿಗೂ ಎಲ್ಲರೂ ಶಿಲ್ಪವೆಂದೇ ಕರೆಯುತ್ತಾರೆ. ಸುತ್ತ ತಿರುಗಿ ನೋಡುವಂಥ ರೂಪವಿದ್ದರೆ ಶಿಲ್ಪ ವಿಭಾಗವನ್ನೇ ಮೊದಲು ಪರಿಗಣಿಸಿ. ಮಿಶ್ರ ಮಾಧ್ಯಮದ ವಿವರಣೆಯಲ್ಲಿ “ಎರಡು ಆಯಾಮದ” ಎಂಬ ಪದ ಅಡಗಿರುವುದುಂಟು.

ಛಾಯಾಚಿತ್ರ, ಡಿಜಿಟಲ್. ಆನ್‌ಲೈನ್ ಸ್ಪರ್ಧೆಗೆ ನೀವು ಕಳಿಸುವುದು ಕೃತಿಯ ಫೋಟೋ. ಅಷ್ಟಕ್ಕೇ ತೈಲವರ್ಣದ ಚಿತ್ರವನ್ನು ಛಾಯಾಚಿತ್ರ ವಿಭಾಗಕ್ಕೆ ಹಾಕಬೇಡಿ. ಹಾಸ್ಯವೆನಿಸಬಹುದು, ಆದರೆ ಪ್ರತಿ ಬಾರಿ ಯಾರಾದರೊಬ್ಬರು ಇದನ್ನು ಮಾಡುತ್ತಾರೆ. ಹಾಗೆಯೇ ಕೈಯಿಂದ ಬಿಡಿಸಿ ಸ್ಕ್ಯಾನ್ ಮಾಡಿದ ಚಿತ್ರ ಡಿಜಿಟಲ್ ಕಲೆ ಆಗುವುದಿಲ್ಲ. ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರಿನಲ್ಲೇ ಬಣ್ಣ ತುಂಬಿದ್ದರೆ ಆಗುತ್ತದೆ.

ಫೋಟೋದ ವಿಷಯದಲ್ಲಿ ಅಂಚು ಕತ್ತರಿಸುವುದು, ಬೆಳಕು, ಬಣ್ಣ ಹದಗೊಳಿಸುವುದು, ಕಪ್ಪು ಬಿಳುಪು ಮಾಡುವುದು ಇವಿಷ್ಟನ್ನು ಛಾಯಾಚಿತ್ರ ವಿಭಾಗ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಒಂದು ಫೋಟೋದ ಆಕಾಶವನ್ನು ಇನ್ನೊಂದಕ್ಕೆ ಅಂಟಿಸಿದಿರಿ, ದಾರಿಯಲ್ಲಿದ್ದ ಮನುಷ್ಯನನ್ನು ಅಳಿಸಿದಿರಿ ಎಂದಾದರೆ ಡಿಜಿಟಲ್ ವಿಭಾಗ ನೋಡಿ. ಈಗಿನ ಫೋನುಗಳು ಒಂದು ಬೆರಳ ತಟ್ಟಿಗೆ ಬೇಡದ್ದನ್ನು ಅಳಿಸಿಬಿಡುತ್ತವೆ, ಅದು ಕೂಡ ಲೆಕ್ಕಕ್ಕಿದೆ. ಮೂಲ ಫೋಟೋವನ್ನು ಅಳಿಸದೆ ಇಟ್ಟುಕೊಳ್ಳಿ, ಗೆದ್ದರೆ ಕೇಳಬಹುದು.

ಎಐ ಚಿತ್ರಗಳು. ಎಐ ಎಂದರೆ ಇಲ್ಲಿ ನೀವು ಬರೆದ ಮಾತಿನಿಂದ ಚಿತ್ರ ಹೊರಡಿಸುವ ತಂತ್ರಾಂಶ. ಈ ವಿಷಯದಲ್ಲಿ ದೊಡ್ಡವರ ಸ್ಪರ್ಧೆಗಳೇ ಮುಗ್ಗರಿಸಿವೆ. 2022ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯ ಮೇಳದಲ್ಲಿ ಜೇಸನ್ ಅಲೆನ್ ಮಿಡ್‌ಜರ್ನಿ ಎಂಬ ಎಐ ತಂತ್ರಾಂಶದಿಂದ ಮಾಡಿದ ಚಿತ್ರ ಡಿಜಿಟಲ್ ವಿಭಾಗದ ಮೊದಲ ಬಹುಮಾನ ಪಡೆದು ದೊಡ್ಡ ಜಗಳವಾಯಿತು. 2023ರಲ್ಲಿ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದ ಬೋರಿಸ್ ಎಲ್ಡಾಗ್‌ಸೆನ್ ತನ್ನ ಚಿತ್ರ ಎಐನದು, ಛಾಯಾಚಿತ್ರವಲ್ಲ ಎಂದು ಹೇಳಿ ಪ್ರಶಸ್ತಿಯನ್ನೇ ಬೇಡವೆಂದರು. ಮರುವರ್ಷ ಛಾಯಾಗ್ರಾಹಕ ಮೈಲ್ಸ್ ಆಸ್ಟ್ರೇ ಇದನ್ನು ತಿರುವುಮುರುವು ಮಾಡಿದರು. “1839 ಅವಾರ್ಡ್ಸ್” ಎಂಬ ಛಾಯಾಚಿತ್ರ ಸ್ಪರ್ಧೆಯ ಎಐ ವಿಭಾಗಕ್ಕೆ ಫ್ಲೆಮಿಂಗೊ ಹಕ್ಕಿಯ ನಿಜವಾದ ಛಾಯಾಚಿತ್ರ ಕಳಿಸಿ ಮೂರನೆಯ ಸ್ಥಾನವನ್ನೂ ಜನರ ಮತವನ್ನೂ ಗೆದ್ದರು. ಸತ್ಯ ಹೇಳಿದ ಮೇಲೆ ಅನರ್ಹರಾದರು. ಕ್ಯಾಮೆರಾದಲ್ಲಿ ತೆಗೆದ ಅಸಲಿ ಫೋಟೋ ಕೂಡ ತಪ್ಪು ವಿಭಾಗದಲ್ಲಿದ್ದರೆ ಹೊರಗೆ! ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಬೇರೆ ಸಿಗಲಿಲ್ಲ.

ವಿದ್ಯಾರ್ಥಿ ಸ್ಪರ್ಧೆಗಳಲ್ಲಿ ನಿಯಮ ಮೌನವಾಗಿದ್ದರೆ ಎಐ ಬೇಡ ಎಂದೇ ಓದಿಕೊಳ್ಳಿ. ಎಐ ತೋರಿಸಿದ ಚಿತ್ರವನ್ನು ನೋಡಿಕೊಂಡು ಕೈಯಿಂದ ಬಿಡಿಸಿದ್ದರೂ ಅದನ್ನು ಹೇಳಿಬಿಡುವುದು ಒಳ್ಳೆಯದು.

ಪೋಸ್ಟರ್, ಕಥಾಚಿತ್ರ, ವ್ಯಂಗ್ಯಚಿತ್ರ. ಅಕ್ಷರಗಳೂ ಚಿತ್ರವೂ ಸೇರಿ ಒಂದು ಮಾತನ್ನು ತಲುಪಿಸುವ ಕೆಲಸ ಮಾಡುತ್ತಿದ್ದರೆ ವಿನ್ಯಾಸ ವಿಭಾಗ. ಕತೆಯೊಂದಕ್ಕೆ ಬರೆದ ಚಿತ್ರ ಕಥಾಚಿತ್ರ, ಕೆಲವು ಕಡೆ ಅದು ರೇಖಾಚಿತ್ರದ ಜೊತೆಗೇ ಇರುತ್ತದೆ. ಚೌಕಗಳಲ್ಲಿ ಮುಂದುವರಿಯುವ ಕತೆಯಾದರೆ ಕಾಮಿಕ್ಸ್. ಇವುಗಳಲ್ಲಿ ಜನಪ್ರಿಯ ಕಾರ್ಟೂನ್ ಪಾತ್ರಗಳನ್ನು ಬಿಡಿಸಿದರೆ ಯಾವ ವಿಭಾಗಕ್ಕೆ ಹಾಕಿದರೂ ಬಹುಮಟ್ಟಿಗೆ ತಿರಸ್ಕಾರವೇ, ಪಾತ್ರ ನಿಮ್ಮದಲ್ಲವಲ್ಲ.

ಹಂತ 5: ಎರಡಕ್ಕೂ ಹೊಂದಿದರೆ

ಕೃತಿ ಎರಡು ವಿಭಾಗಗಳಿಗೂ ನಿಯಮದಂತೆ ಸರಿಹೋಗುತ್ತದೆ ಎಂದುಕೊಳ್ಳಿ. ಈಗ ತೀರ್ಪಿನ ಮಾನದಂಡ ತೆಗೆದು ಓದಿ. ನಿಮ್ಮ ಕೃತಿಯಲ್ಲಿ ಅತಿ ಗಟ್ಟಿಯಾದದ್ದು ಯಾವುದು? ಗೆರೆಯ ಹಿಡಿತವೋ, ಬಣ್ಣದ ಬೆರಕೆಯೋ, ಸಾಮಗ್ರಿಯ ಹೊಸ ಬಳಕೆಯೋ, ಹಿಂದಿನ ಯೋಚನೆಯೋ? ಅದನ್ನೇ ಹುಡುಕಿಕೊಂಡು ಬರುವ ತೀರ್ಪುಗಾರರು ಯಾವ ವಿಭಾಗದಲ್ಲಿದ್ದಾರೋ ಅಲ್ಲಿಗೆ ಕಳಿಸಿ.

“ಆ ವಿಭಾಗಕ್ಕೆ ಕಡಿಮೆ ಜನ ಹಾಕುತ್ತಾರೆ, ಅಲ್ಲಿಗೇ ಹಾಕೋಣ” ಎಂಬ ಲೆಕ್ಕಾಚಾರ ಬಹಳ ಕೇಳುತ್ತೇನೆ. ನನಗೆ ಅದು ಒಪ್ಪಿಗೆಯಿಲ್ಲ. ಜನ ಕಡಿಮೆ ಇರುವ ವಿಭಾಗಗಳಲ್ಲಿ ಇರುವವರು ಅದನ್ನೇ ಹಿಡಿದು ಕೂತವರು. ಹತ್ತೇ ಜನ ಲಿನೋ ಅಚ್ಚಿನವರಿದ್ದರೂ ಆ ಹತ್ತು ಜನಕ್ಕೂ ಉಳಿಯ ಹಿಡಿತ ಗೊತ್ತಿರುತ್ತದೆ. ಜೊತೆಗೆ ಸಾಕಷ್ಟು ಕೃತಿಗಳು ಬಾರದಿದ್ದರೆ ಸಂಘಟಕರು ವಿಭಾಗಗಳನ್ನು ಒಟ್ಟುಗೂಡಿಸುವ ಹಕ್ಕನ್ನು ನಿಯಮದಲ್ಲೇ ಇಟ್ಟುಕೊಂಡಿರುತ್ತಾರೆ.

ಒಂದೇ ಕೃತಿಯನ್ನು ಎರಡು ವಿಭಾಗಗಳಿಗೆ ಹಾಕುವುದು ಇನ್ನೊಂದು ಆಸೆ. ನಿಯಮ ಬಾಯಿಬಿಟ್ಟು ಅನುಮತಿ ಕೊಡದಿದ್ದರೆ ಹಾಗೆ ಮಾಡಬೇಡಿ, ಎರಡೂ ಹೋದಾವು. ಜೋಡಿಯಾಗಿ ನೋಡಬೇಕಾದ ಎರಡು ಚಿತ್ರಗಳು ಒಂದೇ ಕೃತಿಯೋ ಎರಡೋ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ. ಒಂದೇ ಎಳೆಯ ಐದಾರು ಕೃತಿಗಳಿದ್ದರೆ ಪೋರ್ಟ್‌ಫೋಲಿಯೊ ವಿಭಾಗ ಇದೆಯೇ ನೋಡಿ. ಅಲ್ಲಿ ಒಂದೊಂದು ಚಿತ್ರಕ್ಕಿಂತ ಅವುಗಳ ನಡುವಿನ ನಂಟಿಗೆ ಬೆಲೆ.

ಹಂತ 6: ಅಳತೆ, ತೂಕ, ಕಡತ

ವಿಭಾಗ ಸರಿಯಿದ್ದರೂ ಇಲ್ಲಿ ಎಡವುವವರಿದ್ದಾರೆ, ಯಾಕೆಂದರೆ ಅಳತೆಗಳು ವಿಭಾಗಕ್ಕೊಂದರಂತೆ ಇರುತ್ತವೆ. ಅಗಲ ಮೊದಲೋ ಎತ್ತರ ಮೊದಲೋ ನೋಡಿ ಬರೆಯಿರಿ. ಎ3 ಕಾಗದ 297×420 ಮಿಲಿಮೀಟರ್; ಮೌಂಟ್ (ಚಿತ್ರದ ಸುತ್ತ ಹಾಕುವ ದಪ್ಪ ರಟ್ಟು) ಹಾಕಿದೊಡನೆ ಅದು ಎ3 ಆಗಿ ಉಳಿಯುವುದಿಲ್ಲ. ತೈಲವರ್ಣ ಮುಟ್ಟಲು ಒಣಗಿದಂತೆ ಕಾಣಲು ಕೆಲವು ದಿನಗಳಿಂದ ವಾರಗಳೇ ಬೇಕು, ಒಳಗಿನವರೆಗೆ ಒಣಗಲು ತಿಂಗಳುಗಳು. ಒದ್ದೆ ಕೃತಿಯನ್ನು ಯಾವ ವಿಭಾಗವೂ ತೆಗೆದುಕೊಳ್ಳುವುದಿಲ್ಲ. ಇದ್ದಿಲು, ಒಣ ಪೇಸ್ಟಲ್ ಕೆಲಸಕ್ಕೆ ಪುಡಿ ಉದುರದಂತೆ ಫಿಕ್ಸೆಟಿವ್ ಸಿಂಪಡಿಸಿ. ಗಾಜಿನ ಚೌಕಟ್ಟು ಬೇಡ ಎನ್ನುವ ಸ್ಪರ್ಧೆಗಳು ಹೆಚ್ಚು.

ಡಿಜಿಟಲ್ ವಿಭಾಗಕ್ಕಾದರೆ ಚಿತ್ರ ಶುರುಮಾಡುವ ಮೊದಲೇ ಪಿಕ್ಸೆಲ್ ಲೆಕ್ಕ ಮಾಡಬೇಕು. ಪಿಕ್ಸೆಲ್ ಎಂದರೆ ಪರದೆಯ ಚಿತ್ರವನ್ನು ಕಟ್ಟುವ ಚುಕ್ಕೆ. ಇಂಚಿಗೆ 300 ಪಿಕ್ಸೆಲ್‌ನಂತೆ ಎ3 ಮುದ್ರಣಕ್ಕೆ 3508×4961 ಪಿಕ್ಸೆಲ್ ಬೇಕು. ಸಾಮಾಜಿಕ ಜಾಲತಾಣಕ್ಕೆಂದು 1080 ಪಿಕ್ಸೆಲ್ ಅಗಲದಲ್ಲಿ ಬಿಡಿಸಿದ ಚಿತ್ರವನ್ನು ಅದೇ ಎ3ಗೆ ಹಿಗ್ಗಿಸಿದರೆ ಇಂಚಿಗೆ ಸಿಗುವುದು ಸುಮಾರು 92 ಮಾತ್ರ. ಆಮೇಲೆ ತಂತ್ರಾಂಶದಲ್ಲಿ ಸಂಖ್ಯೆ ಬದಲಿಸಿದರೆ ಕಡತ ದಪ್ಪವಾಗುತ್ತದೆ, ಚಿತ್ರದ ವಿವರ ಹೆಚ್ಚುವುದಿಲ್ಲ. ಪದರಗಳಿರುವ ಮೂಲ ಕಡತವನ್ನು ಬೇರೆಯಾಗಿ ಉಳಿಸಿಕೊಳ್ಳಿ. ಕೆಲಸ ನಿಮ್ಮದೇ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕೃತಿಯ ಫೋಟೋ ಕಳಿಸುವವರು: ಹಗಲಿನಲ್ಲಿ ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಇಲ್ಲದೆ, ಕ್ಯಾಮೆರಾವನ್ನು ಕೃತಿಗೆ ಸಮಾನಾಂತರ ಹಿಡಿದು ತೆಗೆಯಿರಿ. ಹಿನ್ನೆಲೆಯ ಮೇಜು, ಬೆರಳು ಕಾಣಬಾರದು. ಶಿಲ್ಪಕ್ಕೆ ಒಂದಕ್ಕಿಂತ ಹೆಚ್ಚು ಕೋನಗಳ ಚಿತ್ರ ಕೊಡಲು ಬಿಡುತ್ತಾರೆ, ಆ ಅವಕಾಶವನ್ನು ಬಿಡಬೇಡಿ.

ಹಂತ 7: ಮಾಧ್ಯಮದ ಸಾಲು ವಿಭಾಗದ ಜೊತೆ ಜಗಳವಾಡದಂತೆ ಬರೆಯಿರಿ

ಅರ್ಜಿಯಲ್ಲಿ “ಮಾಧ್ಯಮ” ಎಂಬ ಖಾನೆ ಇರುತ್ತದೆ. ಹಂತ 3ರ ಪಂಚನಾಮೆ ಈಗ ಉಪಯೋಗಕ್ಕೆ ಬರುತ್ತದೆ. “ಬಣ್ಣ” ಎಂದಷ್ಟೇ ಬರೆದರೆ ಏನೂ ಹೇಳಿದಂತಾಗುವುದಿಲ್ಲ. “ಕಾಗದದ ಮೇಲೆ ಜಲವರ್ಣ, ಕಪ್ಪು ಶಾಯಿ” ಎಂದು ಬರೆಯಿರಿ; ಮುಖ್ಯವಾದದ್ದು ಮೊದಲು. ರೇಖಾಚಿತ್ರ ವಿಭಾಗಕ್ಕೆ ಹಾಕುತ್ತಿದ್ದರೆ ಅದೇ ಸಾಲು “ಕಾಗದದ ಮೇಲೆ ಕಪ್ಪು ಶಾಯಿ, ತೆಳು ಜಲವರ್ಣ” ಎಂದಾಗಬೇಕು. ಇದು ಸುಳ್ಳಲ್ಲ, ತೂಕ ಎತ್ತ ಎಂದು ತೋರಿಸುವ ರೀತಿ. ಬಳಸಿದ ಸಾಮಗ್ರಿಯನ್ನು ಮುಚ್ಚಿಟ್ಟರೆ ಮಾತ್ರ ಸುಳ್ಳಾಗುತ್ತದೆ.

ಕಲಾವಿದರ ಹೇಳಿಕೆ ಅಂದರೆ ಕೃತಿಯ ಬಗ್ಗೆ ನೀವೇ ಬರೆಯುವ ನಾಲ್ಕಾರು ಸಾಲು. ಮಿಶ್ರ ಮಾಧ್ಯಮಕ್ಕೆ ಹಾಕಿ, ಹೇಳಿಕೆಯಲ್ಲಿ ಬರೀ ವಿಷಯದ ಮಹತ್ವ ಬರೆದರೆ ಒಂದು ಅವಕಾಶ ಕೈತಪ್ಪಿದಂತೆ. ಈ ದಾರ ಯಾಕೆ, ಈ ತುಕ್ಕು ಹಿಡಿದ ತಗಡು ಯಾಕೆ ಎಂಬುದಕ್ಕೆ ಒಂದು ಸಾಲಾದರೂ ಇರಲಿ. ಹೇಳಿಕೆಯನ್ನು ದೊಡ್ಡವರು ಬರೆದುಕೊಡಬೇಡಿ. ಎಂಟನೆಯ ತರಗತಿಯ ಹುಡುಗಿ “ಅಸ್ತಿತ್ವದ ತಲ್ಲಣ” ಎಂದು ಬರೆದರೆ ಓದುವವರಿಗೆ ಗೊತ್ತಾಗುತ್ತದೆ.

ಹಂತ 8: ಇನ್ನೂ ಅನುಮಾನವಿದ್ದರೆ ಕೇಳಿ, ಬರಹದಲ್ಲೇ ಕೇಳಿ

ಫೋನಿನಲ್ಲಿ ಸಿಕ್ಕ ಉತ್ತರ ಗಾಳಿಗೆ ಹೋಗುತ್ತದೆ. ಇಮೇಲ್ ಬರೆಯಿರಿ, ಕೊನೆಯ ದಿನಕ್ಕೆ ಕನಿಷ್ಠ ಎರಡು ವಾರ ಮೊದಲು. “ನನ್ನ ಕೃತಿ ಯಾವ ವಿಭಾಗಕ್ಕೆ ಸೇರುತ್ತದೆ?” ಎಂದು ಕೇಳಿದರೆ “ನಿಯಮಾವಳಿ ನೋಡಿ” ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಹೀಗೆ ಬರೆದು ನೋಡಿ:

“ನಮಸ್ಕಾರ. ನಾನು ಹಿರಿಯರ ಗುಂಪಿನಲ್ಲಿ ಭಾಗವಹಿಸುತ್ತಿದ್ದೇನೆ. ಕೃತಿ ಕಾಗದದ ಮೇಲೆ ಒಣ ಪೇಸ್ಟಲ್, ಎ3 ಅಳತೆ. ನಿಮ್ಮ ನಿಯಮಾವಳಿಯ ರೇಖಾಚಿತ್ರ, ವರ್ಣಚಿತ್ರ ಎರಡೂ ವಿಭಾಗಗಳ ವಿವರಣೆಯಲ್ಲಿ ಪೇಸ್ಟಲ್‌ನ ಹೆಸರಿಲ್ಲ. ನಾನು ರೇಖಾಚಿತ್ರಕ್ಕೆ ಸೇರಿಸಬೇಕೆಂದಿದ್ದೇನೆ. ಇದು ಸರಿಯೇ ಎಂದು ದಯವಿಟ್ಟು ತಿಳಿಸಿ. ಚಿತ್ರದ ಫೋಟೋ ಜೊತೆಗಿದೆ.”

ಹೌದು ಅಥವಾ ಅಲ್ಲ ಎಂದು ಒಂದೇ ಪದದಲ್ಲಿ ಉತ್ತರಿಸುವಂತೆ ಪ್ರಶ್ನೆ ಇದ್ದರೆ ಉತ್ತರ ಬೇಗ ಬರುತ್ತದೆ. ಕೃತಿಯನ್ನು ಹೆಸರು ಕಾಣದಂತೆ ಅಳೆಯುವ ಸ್ಪರ್ಧೆಯಾದರೆ ಫೋಟೋ ಕಳಿಸಬೇಡಿ, ಸಾಮಗ್ರಿಗಳ ವಿವರ ಸಾಕು. ಬಂದ ಉತ್ತರವನ್ನು ಉಳಿಸಿಕೊಳ್ಳಿ, ಮುಂದೆ ಯಾರಾದರೂ ತಕರಾರು ತೆಗೆದರೆ ಅದೇ ಆಧಾರ.

ಸಲ್ಲಿಸು ಗುಂಡಿ ಒತ್ತುವ ಮೊದಲು ಅರ್ಜಿಯನ್ನು ಒಮ್ಮೆ ಬೇರೆಯವರ ಕೈಗೆ ಕೊಟ್ಟು, ಕೃತಿಯನ್ನು ತೋರಿಸದೆ, “ಇದನ್ನು ಓದಿದರೆ ಕೃತಿ ಹೇಗಿದೆ ಅನಿಸುತ್ತದೆ?” ಎಂದು ಕೇಳಿ. ಅವರು ಹೇಳಿದ್ದಕ್ಕೂ ಗೋಡೆಗೆ ಒರಗಿಸಿಟ್ಟ ಕೃತಿಗೂ ಹೊಂದಿಕೆಯಾಗದಿದ್ದರೆ ಹಂತ 7ಕ್ಕೆ ವಾಪಸ್ ಹೋಗಿ. ಸಲ್ಲಿಸಿದ ಮೇಲೆ ತಪ್ಪು ಗೊತ್ತಾದರೆ ಎರಡನೆಯ ಅರ್ಜಿ ತುಂಬಬೇಡಿ. ಎಷ್ಟೋ ಕಡೆ ಒಬ್ಬರ ಎರಡು ಅರ್ಜಿ ಎಂದರೆ ಎರಡೂ ರದ್ದು. ನೋಂದಣಿ ಸಂಖ್ಯೆ ಹಾಕಿ, ಈ ವಿಭಾಗದಿಂದ ಆ ವಿಭಾಗಕ್ಕೆ ಬದಲಿಸಿ ಎಂದು ಕೊನೆಯ ದಿನದೊಳಗೆ ಸಂಘಟಕರಿಗೆ ಬರೆಯಿರಿ.